ಭೈರ ಕಚ್ಚಿದ ಮೇಲಿನ ಇಪ್ಪತ್ತೆಂಟು ದಿನ

ಗಣಪತಿ ಕೂರಿಸಿದ ಆರನೆಯ ದಿನ, 2025ರ ಸೆಪ್ಟೆಂಬರ್ 1, ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ನಾಯಿ ಭೈರ ಪಾರ್ಸೆಲ್ ತಂದ ಒಬ್ಬ ಹುಡುಗನನ್ನು ಕಚ್ಚಿತು. ‘ಕಚ್ಚಿತು’ ಎಂಬ ಪದ ನನ್ನ ಬಾಯಿಗೆ ಬರಲು ನಾಲ್ಕು ದಿನ ಹಿಡಿಯಿತು. ಅಲ್ಲಿಯವರೆಗೆ ‘ಬಾಯಿ ಹಾಕಿತು’, ‘ಹಲ್ಲು ತಾಗಿತು’ ಎನ್ನುತ್ತಿದ್ದೆ. ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿ ಹಿಡಿದು, “ಕಚ್ಚಿತೋ ಇಲ್ಲವೋ, ಅಷ್ಟು ಹೇಳಿರಿ” ಎಂದಾಗ ಬೇರೆ ದಾರಿ ಉಳಿಯಲಿಲ್ಲ.

ನಾವಿರುವುದು ಬೆಳಗಾವಿಯ ಹಿಂದವಾಡಿಯಲ್ಲಿ, ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ನಾನು ಮನೆಯಲ್ಲೇ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ನಮ್ಮವರ ಕೆಲಸ ಹುಬ್ಬಳ್ಳಿಯಲ್ಲಿ. ಶನಿವಾರ ರಾತ್ರಿ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಾರೆ. ಭೈರ ಮುಧೋಳ ತಳಿಯ ಗಂಡು, ನಾಲ್ಕು ವರ್ಷ. ಅಣ್ಣ ಮುಧೋಳದ ಹತ್ತಿರದ ಹಳ್ಳಿಯೊಂದರಿಂದ ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದುಕೊಟ್ಟಿದ್ದ. ಟ್ಯೂಷನ್ ಹೊತ್ತಿನಲ್ಲಿ ಅದು ಒಳಕೋಣೆಯಲ್ಲಿರುತ್ತದೆ. ನಾಲ್ಕು ವರ್ಷಗಳಲ್ಲಿ ಒಂದು ಮಗುವಿನ ಮೇಲೂ ಗುರುಗುಟ್ಟಿರಲಿಲ್ಲ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎನ್ನುವವರ ಪೈಕಿ ನಾನೂ ಒಬ್ಬಳಾಗಿದ್ದೆ.

ಅಂದು ಬೆಳಗಿನಿಂದ ಓಣಿಯ ಮಂಡಳದವರು ಢೋಲು ಬಾರಿಸುತ್ತಿದ್ದರು. ನಡುನಡುವೆ ಪಟಾಕಿ. ಭೈರ ಮಂಚದ ಕೆಳಗೆ ಸೇರಿ ನಡುಗುತ್ತಿತ್ತು. ಗಂಟೆ ಬಾರಿಸಿತು. ಒಂದು ಕೈಯಲ್ಲಿ ಮೊಬೈಲ್, ಅದರಲ್ಲಿ ಪಾರ್ಸೆಲ್ಲಿನ ಒಟಿಪಿ; ಇನ್ನೊಂದು ಕೈಯಿಂದ ಬಾಗಿಲು ತೆರೆದೆ. ನನ್ನ ಮೊಣಕಾಲಿಗೂ ಚೌಕಟ್ಟಿಗೂ ನಡುವೆ ಇದ್ದ ಒಂದು ಗೇಣು ಜಾಗದಲ್ಲಿ ಅದು ಹೊರಗೆ ಜಾರಿತು. ಹುಡುಗ ಹೆದರಿ ಮೆಟ್ಟಿಲು ಇಳಿದು ಓಡಿದ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಈ ತಳಿಯ ರಕ್ತದಲ್ಲೇ ಇದೆ. ಬಲಗಾಲಿನ ಮೀನಖಂಡದಲ್ಲಿ ಎರಡು ಹಲ್ಲುಗಳು ಇಳಿದಿದ್ದವು.

ಎದುರುಮನೆಯ ವೈನಿ ಖಾರದ ಪುಡಿಯ ಡಬ್ಬಿ ಹಿಡಿದು ಓಡಿ ಬಂದರು. ಅವರ ಅಜ್ಜಿ ಹೇಳಿಕೊಟ್ಟ ಮದ್ದಂತೆ. ದಯವಿಟ್ಟು ಖಾರ, ಸುಣ್ಣ, ಅರಿಸಿನ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ಮೆತ್ತಬೇಡಿ. ಹರಿಯುವ ನೀರು, ಸೋಪು, ಹದಿನೈದು ನಿಮಿಷ: ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ. ಬಚ್ಚಲಿನ ನಲ್ಲಿಯ ಕೆಳಗೆ ಹುಡುಗನ ಕಾಲಿಡಿಸಿ, ಬಟ್ಟೆ ಸೋಪಿನಿಂದ ತೊಳೆಯುತ್ತಾ ಗಡಿಯಾರ ನೋಡುತ್ತಿದ್ದೆ. ಹದಿನೈದು ನಿಮಿಷ ಎಷ್ಟು ಉದ್ದ ಎಂದು ಅಂದು ತಿಳಿಯಿತು. ಆರು ನಿಮಿಷಕ್ಕೇ ಹುಡುಗ, “ಸಾಕು ಅಕ್ಕಾ, ಇನ್ನೂ ಹದಿನೆಂಟು ಪಾರ್ಸೆಲ್ ಇವೆ” ಎಂದ. ಮುಖ ಬಿಳಿಚಿತ್ತು, ಕೈಯಲ್ಲಿ ನನ್ನ ಪಾರ್ಸೆಲ್ಲನ್ನು ಇನ್ನೂ ಹಿಡಿದುಕೊಂಡಿದ್ದ. ಅವನ ಊರು ಬೈಲಹೊಂಗಲದ ಕಡೆ, ವಯಸ್ಸು ಇಪ್ಪತ್ತೊಂದು, ಒಂದು ಪಾರ್ಸೆಲ್ಲಿಗೆ ಇಷ್ಟು ಎಂಬ ಲೆಕ್ಕದ ದುಡಿಮೆ. ರಜೆ ಎಂಬುದೇ ಇಲ್ಲ.

ಹತ್ತಿರದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಟಿಟಿ ಚುಚ್ಚಿ, ಗಾಯವನ್ನು ಬಿಗಿಯಾಗಿ ಕಟ್ಟಿ, ನಾನೂರ ಐವತ್ತು ರೂಪಾಯಿ ಪಡೆದು, “ಮನೆ ನಾಯಿ ತಾನೇ, ನಾಳೆ ನೋಡೋಣ” ಎಂದರು. ನಾನೂ ಹಗುರವಾಗಿ ಹೊರಗೆ ಬಂದೆ. ಆಟೋದಲ್ಲಿ ಕುಳಿತ ಮೇಲೆ ಎದೆ ಹೊಡೆದುಕೊಳ್ಳತೊಡಗಿತು. ಭೈರನ ಲಸಿಕೆ ಪುಸ್ತಕ ಕಣ್ಣಮುಂದೆ ಬಂತು. ರೇಬೀಸ್ ಬೂಸ್ಟರ್ ಜುಲೈ 10ಕ್ಕೆ ಹಾಕಿಸಬೇಕಿತ್ತು. ಮಳೆ ಹಿಡಿದಿತ್ತು, ಹೊಸ ಬ್ಯಾಚಿನ ಮಕ್ಕಳು ಬಂದಿದ್ದರು, ‘ಮುಂದಿನ ಭಾನುವಾರ’ ಎಂದುಕೊಳ್ಳುತ್ತಾ ಐವತ್ತಮೂರು ದಿನ ಕಳೆದಿದ್ದೆ. ಆಟೋದವನಿಗೆ ಜಿಲ್ಲಾಸ್ಪತ್ರೆಗೆ ತಿರುಗಿಸು ಎಂದೆ.

ಜಿಲ್ಲಾಸ್ಪತ್ರೆಯಲ್ಲಿ ಸರದಿ ಉದ್ದವಿತ್ತು, ಒಂದೂವರೆ ಗಂಟೆ ನಿಂತೆವು. ಆದರೆ ಕೆಲಸ ಸರಿಯಾಗಿ ಆಯಿತು. ವೈದ್ಯೆ ಬ್ಯಾಂಡೇಜು ಬಿಚ್ಚಿಸಿ, ಗಾಯ ನೋಡಿ, ‘ಮೂರನೆಯ ದರ್ಜೆ’ ಎಂದು ಬರೆದರು. ಚರ್ಮ ಸೀಳಿ ರಕ್ತ ಬಂದರೆ ಅದು ಮೂರನೆಯದು; ಆಗ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದೂ ಬೇಕು. ಲಸಿಕೆ ದೇಹದಲ್ಲಿ ರಕ್ಷಣೆ ಕಟ್ಟಲು ದಿನಗಳು ಹಿಡಿಯುತ್ತವೆ. ಇದು ಅಲ್ಲಿಯವರೆಗೆ ಕಾಯುವ ಸಿದ್ಧ ರಕ್ಷಣೆ. ಅದನ್ನು ತೂಕ ನೋಡಿ ಕೊಡುತ್ತಾರೆ, ಅಲ್ಲಿದ್ದ ಬಗೆಗೆ ಕಿಲೋಗೆ 40 ಯೂನಿಟ್‌ನಂತೆ. ಹುಡುಗ ಚಪ್ಪಲಿ ಬಿಚ್ಚಿ ತಕ್ಕಡಿಯ ಮೇಲೆ ನಿಂತ: ಐವತ್ತನಾಲ್ಕು. ನಾನು ಗಣಿತದ ಬಾಯಿ, ಅಂದರೆ ಟೀಚರು; ಎರಡು ಸಾವಿರದ ನೂರ ಅರವತ್ತು ಎಂದು ಮನಸ್ಸು ತಾನಾಗಿಯೇ ಗುಣಿಸಿತು. ಆದರೆ ಸೂಜಿ ತೋಳಿಗಲ್ಲ, ಗಾಯದ ಒಳಗೇ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದು ಹಲ್ಲಿನ ಗುರುತಿಗೂ ಸುತ್ತ ಸುತ್ತ ಚುಚ್ಚಿದರು. ಹುಡುಗ ಗೋಡೆಯ ಕಡೆ ತಿರುಗಿ ನನ್ನ ಮಣಿಕಟ್ಟನ್ನು ಹಿಡಿದ. ಅವನ ಉಗುರಿನ ಗುರುತು ರಾತ್ರಿಯವರೆಗೆ ಇತ್ತು. ಅದನ್ನು ನೋಡಿಕೊಂಡು ನಾನು ಊಟ ಮಾಡಲಿಲ್ಲ.

ಲಸಿಕೆಯ ದಿನಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು: 0, 3, 7, 28. ಅಂದರೆ ಸೆಪ್ಟೆಂಬರ್ 1, 4, 8 ಮತ್ತು 29. ಚರ್ಮದೊಳಗೆ ಕೊಡುವ ಕ್ರಮಕ್ಕೆ ಈ ನಾಲ್ಕು ದಿನ. ಸ್ನಾಯುವಿಗೆ ಕೊಡುವ ಕಡೆ 14ನೆಯ ದಿನವೂ ಸೇರಿ ಐದು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೂ ಇಮ್ಯುನೊಗ್ಲಾಬ್ಯುಲಿನ್‌ಗೂ ನಾವು ಹಣ ಕೊಡಲಿಲ್ಲ. ‘ಯಾರ ನಾಯಿ’ ಎಂದು ಕೇಳಿ ನನ್ನ ಹೆಸರು, ವಿಳಾಸ ಬರೆದುಕೊಂಡರು. ಆ ಚೀಟಿಯ ಫೋಟೋವನ್ನು ಕೂಡಲೇ ತೆಗೆದುಕೊಳ್ಳಿ. ಮುಂದೆ ಎಲ್ಲರೂ ಅದನ್ನೇ ಕೇಳುತ್ತಾರೆ.

ಸಂಜೆ ಭೈರನನ್ನು ಕಾರಿನಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಬೂಸ್ಟರ್ ಹಾಕಿಬಿಡಿ ಎಂದೆ. ಅವರು ಒಪ್ಪಲಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ನಿಗಾದಲ್ಲಿ ಇಡಬೇಕು, ಆ ಹತ್ತು ದಿನ ರೇಬೀಸ್ ಲಸಿಕೆ ಹಾಕಬಾರದು. ಲಸಿಕೆಯಿಂದ ಜ್ವರವೋ ಮಂಕೋ ಬಂದರೆ ಅದು ರೋಗದ ಲಕ್ಷಣವೇ ಅಲ್ಲವೇ ಎಂದು ತಿಳಿಯದೆ ಹೋಗುತ್ತದೆ ಎಂದರು. ಆಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. ಜುಲೈ ತಾರೀಖು ಹಾಕಿ ಒಂದು ಸಹಿ ಮಾಡಿಕೊಡಲು ಆಗುತ್ತದೆಯೇ? ಅವರು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿ, “ಆ ಹುಡುಗನ ವೈದ್ಯರು ಈ ಸಹಿ ನಂಬಿ ಚಿಕಿತ್ಸೆ ನಿಲ್ಲಿಸಿದರೆ?” ಎಂದರು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಈ ಸ್ಥಿತಿಯಲ್ಲಿರುವ ಹತ್ತು ಜನರಲ್ಲಿ ಎಂಟು ಜನರ ತಲೆಗೆ ಈ ಯೋಚನೆ ಬಂದೇ ಬರುತ್ತದೆ, ಆದ್ದರಿಂದ ಬರೆದಿದ್ದೇನೆ.

ಈ ಹತ್ತು ದಿನದ ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು. ಕಚ್ಚುವ ಹೊತ್ತಿಗೆ ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇದ್ದಿದ್ದರೆ ಹತ್ತು ದಿನದೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಗಟ್ಟಿಯಾಗಿದ್ದರೆ ಆ ಕಡಿತದಿಂದ ಅಪಾಯವಿಲ್ಲ. ಹಾಗೆಂದು ಮನುಷ್ಯನ ಚಿಕಿತ್ಸೆಯನ್ನು ಹತ್ತು ದಿನ ತಡೆಹಿಡಿಯುವಂತಿಲ್ಲ, ಎರಡೂ ಒಟ್ಟಿಗೆ ನಡೆಯಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಊಟ, ನೀರು, ದನಿ, ನಡಿಗೆ. ದಿನಕ್ಕೆ ಎರಡು ಬಾರಿ ಗುರುತು. ದನಿ ಬದಲಾದರೆ, ದವಡೆ ಜೋತರೆ, ನೀರು ನುಂಗಲು ತಡವರಿಸಿದರೆ ಫೋನ್ ಮಾಡಿ ಎಂದಿದ್ದರು. ರಾತ್ರಿ ಮೂರಕ್ಕೆ ಎದ್ದು ಕತ್ತಲಲ್ಲಿ ಕೂತು ಕೇಳುತ್ತಿದ್ದೆ. ಸ್ಟೀಲಿನ ಬೋಗುಣಿಯಲ್ಲಿ ನಾಲಿಗೆಯ ಚಪ್ ಚಪ್ ಸದ್ದು ಬಂದರೆ ಮಲಗುತ್ತಿದ್ದೆ. ನಾಲ್ಕನೆಯ ರಾತ್ರಿ ಸದ್ದು ಬರಲಿಲ್ಲ. ದೀಪ ಹಾಕಿದರೆ ಬೋಗುಣಿ ಖಾಲಿ, ನಾನೇ ತುಂಬಿಸುವುದನ್ನು ಮರೆತಿದ್ದೆ.

ಅದೇ ನಾಲ್ಕನೆಯ ದಿನ, ಗುರುವಾರ, ಬೆಳಿಗ್ಗೆ ಠಾಣೆಯಿಂದ ಫೋನ್ ಬಂದಿತ್ತು. ಹುಡುಗನ ಸೋದರಮಾವ ಲಿಖಿತ ದೂರು ಕೊಟ್ಟಿದ್ದರು. ನನ್ನ ಭಾವನ ಮಗ ವಕೀಲ. ಫೋನಿನಲ್ಲೇ ಅವನು ಮೂರು ಮಾತು ಹೇಳಿದ: “ಕಾಕು, ಒಂಟಿಯಾಗಿ ಹೋಗಬೇಡಿ, ಜಗಳ ಮಾಡಬೇಡಿ, ಲಸಿಕೆ ಪುಸ್ತಕದ ವಿಷಯದಲ್ಲಿ ಸುಳ್ಳು ಹೇಳಬೇಡಿ.”

ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಹತ್ತು ನಿಮಿಷ ಕುಳಿತೆವು. ವಿಸರ್ಜನೆಯ ಮೆರವಣಿಗೆಯ ಬಂದೋಬಸ್ತಿನ ಗಡಿಬಿಡಿಯಲ್ಲಿ ನಮ್ಮ ನಾಯಿಯ ಪ್ರಕರಣಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಜೊತೆಗೆ ಬಂದಿದ್ದ ಭಾವನ ಮಗ ಕಾನೂನು ವಿವರಿಸಿದ. ಭಾರತೀಯ ನ್ಯಾಯ ಸಂಹಿತೆಯ ಕಲಂ 291: ತನ್ನ ಬಳಿ ಇರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದೆಂದು ಇರುವಾಗ, ತಿಳಿದೂ ಅಥವಾ ಅಲಕ್ಷ್ಯದಿಂದ ಸಾಕಷ್ಟು ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಇದೇ ಕಲಂ 289 ಆಗಿತ್ತು, ದಂಡ ಸಾವಿರ ರೂಪಾಯಿ. 2024ರ ಜುಲೈ 1ರಿಂದ ಹೊಸದು. ಜಾಮೀನು ಸಿಗುವ ಅಪರಾಧ, ಆದರೆ ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದು. “ಎಫ್‌ಐಆರ್ ಆಯಿತೆಂದರೆ ಆಮೇಲೆ ನೀವಿಬ್ಬರೂ ಕೈ ಕುಲುಕಿದರೂ ಠಾಣೆಯಲ್ಲೇ ಮುಗಿಯುವುದಿಲ್ಲ ಕಾಕು, ಕೋರ್ಟು ಹತ್ತಬೇಕು” ಎಂದ. ‘ತೀವ್ರ ಗಾಯ’ ಎಂಬ ಮಾತನ್ನು ಹಿಡಿದು ನಾನು, ಎರಡೇ ಹಲ್ಲಲ್ಲವೇ ಎಂದೆ. “ಆ ವಾದ ನ್ಯಾಯಾಲಯಕ್ಕೆ. ಇಲ್ಲಿ ಅದನ್ನು ಆಡಿದರೆ ಆ ಹುಡುಗನ ಕಾಲನ್ನು ಅಲ್ಲಗಳೆದಂತೆ ಕೇಳಿಸುತ್ತದೆ” ಎಂದು ಬಾಯಿ ಮುಚ್ಚಿಸಿದ.

ಒಳಗೆ ಕೇಳಿದ್ದು ಐದು ವಸ್ತು: ನನ್ನ ಆಧಾರ್, ನಾಯಿಯ ಫೋಟೋ, ಲಸಿಕೆ ಪುಸ್ತಕ, ಆಸ್ಪತ್ರೆಯ ಚೀಟಿ, ಪಶುವೈದ್ಯರು ನಿಗಾದಲ್ಲಿ ಇರಿಸಿರುವುದಾಗಿ ಬರೆದುಕೊಟ್ಟ ಪತ್ರ. ಬೂಸ್ಟರ್ ತಪ್ಪಿದೆ ಎಂದು ನಾನೇ ಬೆರಳಿಟ್ಟು ತೋರಿಸಿದೆ. ಸೋದರಮಾವ ಕೆಂಡವಾಗಿದ್ದರು. “ಬಾಯಿಯವರೇ, ನಿಮ್ಮ ಮಗನಿಗೆ ಹೀಗಾಗಿದ್ದರೆ?” ಎಂದರು. ಉತ್ತರವಿರಲಿಲ್ಲ. ಹುಡುಗ ತಾನೇ ಮಾತಾಡಿದ: ಮೊದಲ ದಿನದಿಂದ ಅಕ್ಕ ಆಸ್ಪತ್ರೆಗೆ ಜೊತೆಗೆ ಬಂದಿದ್ದಾರೆ, ಅಂದೂ ಬೆಳಿಗ್ಗೆ ಎರಡನೆಯ ಡೋಸಿಗೆ ಬಂದಿದ್ದರು, ತನಗೆ ಕೇಸು ಬೇಡ, ಆದರೆ ನಾಲ್ಕು ದಿನದಿಂದ ದುಡಿಮೆ ಇಲ್ಲ, ಕಂಪನಿಯವರು ಫೋನ್ ಎತ್ತುತ್ತಿಲ್ಲ.

ದಿನಕ್ಕೆ ಏಳುನೂರರಂತೆ ಒಂಬತ್ತು ದಿನದ ಕೂಲಿ, ಆರು ಸಾವಿರದ ಮುನ್ನೂರು ರೂಪಾಯಿ, ಜೊತೆಗೆ ಓಡಾಟದ ಖರ್ಚು ನನ್ನದು ಎಂದು ತೀರ್ಮಾನವಾಯಿತು. ಹಣವನ್ನು ಕೈಯಲ್ಲಿ ಕೊಡದೆ ಅವನ ಖಾತೆಗೆ ಹಾಕಿದೆ, ‘ಚಿಕಿತ್ಸೆ ಮತ್ತು ಕೂಲಿ ನಷ್ಟಕ್ಕೆ’ ಎಂದು ಬರೆದು. ನೀವೂ ಹಾಗೆಯೇ ಮಾಡಿ. ಮುಂದೆ ಎಚ್ಚರದಿಂದ ಇರುತ್ತೇನೆಂದು ನನ್ನಿಂದ ಮುಚ್ಚಳಿಕೆ ಬರೆಸಿಕೊಂಡರು. ಅರ್ಜಿ ವಿಚಾರಣೆ ಮುಗಿಸಿದ್ದಕ್ಕೆ ದೂರುದಾರರಿಗೆ ಹಿಂಬರಹ ಎಂಬ ಲಿಖಿತ ಉತ್ತರ ಕೊಡುತ್ತಾರೆ. ಅದರ ಒಂದು ಪ್ರತಿಯನ್ನು ನೀವೂ ಕೇಳಿ ಪಡೆಯಿರಿ. ನಾನು ಕೇಳದೆ ಮನೆಗೆ ಬಂದು, ಮರುದಿನ ಅದಕ್ಕಾಗಿ ಮತ್ತೆ ಒಂದು ಗಂಟೆ ಕಾದೆ. ಸಾಕುನಾಯಿಗಳ ವಿಮೆಯಲ್ಲಿ ಮೂರನೆಯವರಿಗೆ ಆಗುವ ಹಾನಿಯನ್ನೂ ಭರಿಸುವ ಪಾಲಿಸಿಗಳಿವೆ ಎಂದು ತಿಳಿದದ್ದೂ ಆ ಬೆಂಚಿನ ಮೇಲೆಯೇ.

ಮುಗಿಯಿತು ಎಂದು ಉಸಿರು ಬಿಟ್ಟರೆ, ಶನಿವಾರ ಬಾಗಿಲ ಕೆಳಗೆ ಒಂದು ಕಾಗದ. ಅಪಾರ್ಟ್‌ಮೆಂಟ್ ಸಂಘದ ನೋಟಿಸು: ಹದಿನೈದು ದಿನದೊಳಗೆ ನಾಯಿಯನ್ನು ಹೊರಹಾಕಬೇಕು, ತಪ್ಪಿದರೆ ತಿಂಗಳಿಗೆ ಐದು ಸಾವಿರ ದಂಡ ಮತ್ತು ನೀರಿನ ಸಂಪರ್ಕ ಕಡಿತ. ಕಾರಣಗಳು ಮೂರು. ಇದು ನಿಷೇಧಿತ ಅಪಾಯಕಾರಿ ಬೇಟೆ ತಳಿ. ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ನಾಯಿಗಳನ್ನು ತೆರವುಗೊಳಿಸಲು ಆದೇಶಿಸಿದೆ. ಬಹುಮತದ ತೀರ್ಮಾನವಾಗಿದೆ.

ನಮ್ಮವರು ಊರಿನಲ್ಲಿದ್ದರು. ಓದಿ, “ಅಣ್ಣನ ಊರಿಗೆ ಬಿಟ್ಟುಬರೋಣ” ಎಂದರು. ಮೂರನೆಯ ಮಹಡಿಯ ಒಬ್ಬರು ಇನ್ನೂ ಸುಲಭದ ಉಪಾಯ ಹೇಳಿಕೊಟ್ಟರು: ರಾತ್ರಿ ಕಾರಿನಲ್ಲಿ ಒಯ್ದು ವಂಟಮೂರಿ ಘಾಟಿನಲ್ಲಿ ಇಳಿಸಿಬಿಡಿ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11ರ ಪ್ರಕಾರ ಅಪರಾಧ. ದಿನವಿಡೀ ಮೊಳದುದ್ದದ ಸರಪಳಿಯಲ್ಲಿ ಕಟ್ಟಿಹಾಕುವುದೂ ಅದೇ ಕಲಮಿನಲ್ಲಿದೆ. ‘ಪಾರ್ಕಿಂಗಿನಲ್ಲಿ ಕಟ್ಟಿಬಿಡಿ’ ಎಂದು ಸಲಹೆ ಕೊಡುವವರು ಗಮನಿಸಿ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಅದು 1960ರ ಲೆಕ್ಕ. ಇಂದು ಖಡೇಬಜಾರಿನಲ್ಲಿ ಕಾಲು ಕಿಲೋ ಕುಂದಾ ಕೂಡ ಆ ಐವತ್ತಕ್ಕೆ ಸಿಗುವುದಿಲ್ಲ. ಆದರೆ ಯಾರಾದರೂ ನಾಯಿಗೆ ವಿಷ ಹಾಕಿದರೆ ಅಥವಾ ಊನ ಮಾಡಿದರೆ ನ್ಯಾಯ ಸಂಹಿತೆಯ ಕಲಂ 325ರಲ್ಲಿ ಐದು ವರ್ಷದವರೆಗೆ ಸೆರೆ ಇದೆ. ಆ ವಾರ ಭೈರನನ್ನು ನಾನು ಒಂಟಿಯಾಗಿ ಬಾಲ್ಕನಿಗೂ ಬಿಡಲಿಲ್ಲ.

ಎರಡು ದಿನ ಯೋಚಿಸಿದ ಮೇಲೆ ನನಗೆ ತಿಳಿದದ್ದು ಒಂದೇ: ನಾನು ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಅಳುತ್ತಿದ್ದೆ. ಬಾಗಿಲಲ್ಲಿ ಎಚ್ಚರ ತಪ್ಪಿದ್ದು ನನ್ನ ತಪ್ಪು, ಅದಕ್ಕೆ ಹಣ ಕೊಟ್ಟೆ, ಮುಚ್ಚಳಿಕೆ ಬರೆದೆ. ಆ ತಪ್ಪಿನ ನಾಚಿಕೆಯಲ್ಲಿ ಸಂಘ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಿರಲಿಲ್ಲ. ತಪ್ಪು ಮಾಡಿದವಳಿಗೂ ನಾಯಿ ಸಾಕುವ ಹಕ್ಕು ಉಳಿದಿರುತ್ತದೆ.

ಉತ್ತರ ಬರೆದೆ, ಒಂದೂವರೆ ಪುಟ. ನಿಷೇಧಿತ ತಳಿಯ ಮಾತಿಗೆ: ಕೇಂದ್ರ ಸರ್ಕಾರ 2024ರ ಮಾರ್ಚ್ 12ರ ಸುತ್ತೋಲೆಯಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ಹೆಸರಿಸಿತ್ತು. ಅದರಲ್ಲಿ ಮುಧೋಳ ಇಲ್ಲ. ಆ ಸುತ್ತೋಲೆಯನ್ನೇ ನಮ್ಮ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ, ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂದು ರದ್ದುಪಡಿಸಿದೆ. ಸುಪ್ರೀಂ ಕೋರ್ಟಿನ ಮಾತಿಗೆ: 2025ರ ಆಗಸ್ಟ್ 11ರ ಮತ್ತು ಅದನ್ನು ಬದಲಿಸಿದ ಆಗಸ್ಟ್ 22ರ ಆದೇಶಗಳು ಬೀದಿನಾಯಿಗಳ ಕುರಿತವು, ಮನೆಯೊಳಗೆ ಸಾಕಿದ ನಾಯಿಯನ್ನು ಹೊರಹಾಕಲು ಅವುಗಳಲ್ಲಿ ಹೇಳಿಲ್ಲ. ಬಹುಮತದ ಮಾತಿಗೆ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ನಿವಾಸಿಗಳೆಲ್ಲ ಒಪ್ಪಿದರೂ ಸಂಘ ಸಾಕುನಾಯಿ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ, ಬೊಗಳುವುದನ್ನೇ ಕಾರಣ ಮಾಡಿ ಹೊರಹಾಕುವಂತಿಲ್ಲ. ಮಾರ್ಗಸೂಚಿ ಕಾಯ್ದೆಯಲ್ಲ ಎಂದು ನಾಳೆ ಯಾರಾದರೂ ನಿಮಗೆ ಹೇಳಬಹುದು. ನಿಜವೇ. ಹಾಗಾದರೆ ಹೊರಹಾಕುವ ಅಧಿಕಾರ ಯಾವ ಕಾಯ್ದೆಯಲ್ಲಿದೆ ತೋರಿಸಿ ಎಂದು ನಾನು ಕೊನೆಯ ಸಾಲಿನಲ್ಲಿ ಕೇಳಿದ್ದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಿದೆ’ ಎಂದು ಕಾರ್ಯದರ್ಶಿ ಕಾಕಾ ಅವರಿಂದ ಸಹಿ ಹಾಕಿಸಿಕೊಂಡೆ. ಅವರು ಸಹಿ ಹಾಕಲು ಕನ್ನಡಕ ಹುಡುಕಿದ್ದೇ ಹತ್ತು ನಿಮಿಷ.

ಸೆಪ್ಟೆಂಬರ್ 11ಕ್ಕೆ ಹತ್ತು ದಿನ ತುಂಬಿತು. ಪಶುವೈದ್ಯರು ಭೈರನ ಕಣ್ಣು, ದವಡೆ ನೋಡಿ ಆರೋಗ್ಯ ಪ್ರಮಾಣಪತ್ರ ಬರೆದರು. ಮರುದಿನ ಬೂಸ್ಟರ್ ಹಾಕಿದರು. ಮೂರು ಭೇಟಿಗೆ ಸಾವಿರದ ಇನ್ನೂರು. ಆ ಪತ್ರ ಹಿಡಿದು ನಾನು ಮೊದಲು ಹೋದದ್ದು ಹುಡುಗನ ಕೋಣೆಗೆ, ಅನಗೋಳದ ಒಂದು ಓಣಿಗೆ. ಅವನ ತಾಯಿ ಊರಿನಿಂದ ಬಂದಿದ್ದರು. ಪತ್ರವನ್ನು ಮಗನಿಂದ ಎರಡು ಬಾರಿ ಓದಿಸಿ, ಮಡಚಿ, ದೇವರ ಫೋಟೋದ ಹಿಂದೆ ಸಿಕ್ಕಿಸಿದರು. ನನಗೆ ಚಹಾ ಕೊಟ್ಟರು. ಆದರೆ ನಗಲಿಲ್ಲ, ನಗಬೇಕಾಗಿಯೂ ಇರಲಿಲ್ಲ.

ಸಂಘದ ಸಭೆ 14ರ ಭಾನುವಾರ, ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ನಾನು ತಯಾರಿಯೊಂದಿಗೆ ಹೋಗಿದ್ದೆ. ಮುಧೋಳ ನಾಯಿಯ ಮೇಲೆ 2005ರಲ್ಲಿ ಅಂಚೆಚೀಟಿ ಬಂದಿದೆ, 2016ರಲ್ಲಿ ಸೈನ್ಯ ಇದನ್ನು ತರಬೇತಿಗೆ ತೆಗೆದುಕೊಂಡಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ ಎಂದೆಲ್ಲ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಆಗ ಮೊದಲ ಮಹಡಿಯ ಹೆಂಗಸು ಎದ್ದು, ತನ್ನ ಆರು ವರ್ಷದ ಮಗಳು ಅಂದು ಮೆಟ್ಟಿಲಿನಿಂದ ಎಲ್ಲವನ್ನೂ ಕಂಡಳು, ಅಂದಿನಿಂದ ಶಾಲೆಗೆ ಹೋಗುವಾಗ ಅಪ್ಪನ ಹೆಗಲಿನಿಂದ ಇಳಿಯುವುದಿಲ್ಲ ಎಂದಳು. ನನ್ನ ಒಂದೂವರೆ ಪುಟದಲ್ಲಿ ಆ ಮಗು ಎಲ್ಲೂ ಇರಲಿಲ್ಲ.

ಹಕ್ಕಿನ ಮಾತನ್ನು ಅಲ್ಲಿಗೇ ನಿಲ್ಲಿಸಿ ನಾನು ನನ್ನ ಕಡೆಯಿಂದ ಮಾಡುವುದನ್ನು ಹೇಳಿದೆ. ಮನೆ ಬಾಗಿಲಿಗೆ ಹೊರಗಿನಿಂದ ಕಬ್ಬಿಣದ ಜಾಲರಿ ಬಾಗಿಲು. ಮೆಟ್ಟಿಲು, ಲಿಫ್ಟು, ಪಾರ್ಕಿಂಗಿನಲ್ಲಿ ಸದಾ ಗಿಡ್ಡ ಹಗ್ಗ, ಬಾಯಿಗೆ ಬುಟ್ಟಿ. ಉಸಿರಾಡಲು, ನೀರು ಕುಡಿಯಲು ಆಗುವ ಬುಟ್ಟಿಯಾಕಾರದ್ದು, ಬಾಯಿ ಬಿಗಿದು ಕಟ್ಟುವ ಪಟ್ಟಿಯಲ್ಲ. ಶಾಲೆಯ ಬಸ್ಸು ಬರುವ ಹೊತ್ತಿನಲ್ಲಿ ಕೆಳಗೆ ಇಳಿಸುವುದಿಲ್ಲ. ಹೊರಗೆ ಹೊಲಸು ಮಾಡಿದರೆ ನಾನೇ ಎತ್ತುತ್ತೇನೆ. ಲಸಿಕೆ ಪುಟದ ಪ್ರತಿಯನ್ನು ಪ್ರತಿ ವರ್ಷ ಸಂಘಕ್ಕೆ ಕೊಡುತ್ತೇನೆ. ಬುಟ್ಟಿ ಹಾಕಲೇಬೇಕೆಂದು ಸಂಘ ನನ್ನನ್ನು ಬಲವಂತ ಮಾಡುವಂತಿರಲಿಲ್ಲ. ಆ ಮಗುವಿಗಾಗಿ ನಾನೇ ಒಪ್ಪಿದೆ. ಕಾಕಾ ಗಂಟಲು ಸರಿಮಾಡಿಕೊಂಡು, “ಹಾಗಾದರೆ ನೋಟಿಸು ಸದ್ಯಕ್ಕೆ ಬೇಡ ತಂಗಿ” ಎಂದರು. ‘ಸದ್ಯಕ್ಕೆ’ ಎಂಬ ಪದವನ್ನು ತೆಗೆಸಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು.

ಜಾಲರಿ ಬಾಗಿಲಿಗೆ ಎಂಟೂವರೆ ಸಾವಿರವಾಯಿತು; ಹಗ್ಗ, ಬುಟ್ಟಿಗೆ ಸಾವಿರದ ನೂರು. ಬುಟ್ಟಿಯನ್ನು ತಂದ ದಿನವೇ ಹಾಕಿದರೆ ನಾಯಿ ನೆಲಕ್ಕೆ ಮುಖ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಮೊದಲ ವಾರ ಅದರೊಳಗೆ ಬೇಯಿಸಿದ ಮೊಟ್ಟೆಯ ಚೂರು ಇಟ್ಟು ತಾನಾಗಿಯೇ ಮೂತಿ ತೂರಿಸಲು ಬಿಟ್ಟೆ. ವಕೀಲರ ಫೀಸು ಎಂದು ಭಾವನ ಮಗ ಏನನ್ನೂ ತೆಗೆದುಕೊಳ್ಳಲಿಲ್ಲ, ಮೂರು ಭಾನುವಾರ ಊಟಕ್ಕೆ ಬಂದ.

ನವರಾತ್ರಿಯ ನಡುವೆ, ಸೆಪ್ಟೆಂಬರ್ 29ರ ಸೋಮವಾರ, ಹುಡುಗನ ಕೊನೆಯ ಡೋಸ್. ನಾಯಿ ಗಟ್ಟಿಯಾಗಿದೆಯಲ್ಲ, ಇನ್ನೇಕೆ ಎಂದ. ಅದನ್ನು ವೈದ್ಯರು ಹೇಳಲಿ ಎಂದು ಕರೆದುಕೊಂಡು ಹೋದೆ. ಅವರು ಹಾಕಿಯೇ ಕಳಿಸಿದರು. ಈಗ ನಮ್ಮ ಓಣಿಗೆ ಪಾರ್ಸೆಲ್ ಬಂದರೆ ಅವನು ಕೆಳಗೆ ಗೇಟಿನಿಂದ ಫೋನ್ ಮಾಡುತ್ತಾನೆ, ನಾನು ಇಳಿದು ಹೋಗುತ್ತೇನೆ. ಮೇಲೆ ಬಾ ಎಂದು ಒಮ್ಮೆಯೂ ಕರೆದಿಲ್ಲ.

ಸಭೆಯ ನಡಾವಳಿಯ ಪ್ರತಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಬಾಯಿಮಾತು ಸಾಲದು, ಬರಹದಲ್ಲಿ ಬೇಕು ಎಂದು ಮೂರು ಸಲ ಕೇಳಿದ್ದೇನೆ. ನಡಾವಳಿ ಪುಸ್ತಕ ಖಜಾಂಚಿಯವರ ಮನೆಯಲ್ಲಿದೆ, ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಪುಣೆಗೆ ಹೋಗಿದ್ದಾರೆ, ಬರುವುದು ದೀಪಾವಳಿ ಆದ ಮೇಲಂತೆ.